ದೀಪಾವಳಿಯ ಊಟಕ್ಕೆ ಹಣ್ಣು, ಪನೀರು ಮತ್ತು ಮುರುಗಲು ಹುಳಿಯ ಸಲಾಡ್

ಪ್ರಶ್ನೆ: ನಮ್ಮದು ಶಿರಸಿ ಸಮೀಪದ ಹಳ್ಳಿ. ಅಮೆರಿಕದಲ್ಲಿರುವ ಮಗಳಿಗೆ ಅಲ್ಲಿ ಶರತ್ಕಾಲದಲ್ಲಿ ಸೇಬು, ಚೀಸ್, ಅಕ್ರೋಟು, ಒಣ ಕ್ರ್ಯಾನ್‌ಬೆರಿ ಸೇರಿಸಿ ಹುಳಿಸಿಹಿಯ ಡ್ರೆಸಿಂಗ್ ಹಾಕಿ ಮಾಡುವ ಸಲಾಡ್ ಬಹಳ ಇಷ್ಟ. ಕಳೆದ ದೀಪಾವಳಿಗೆ ಅವಳು ಬಂದಾಗ ಸೇಬು, ಬನವಾಸಿಯ ಅನಾನಸ್, ಪನೀರು ಮತ್ತು ಅಂಗಡಿಯ ವಿನೆಗರ್ ಹಾಕಿ ಬೆಳಿಗ್ಗೆಯೇ ಕಲಸಿಟ್ಟಿದ್ದೆ. ಗೋಪೂಜೆ ಮುಗಿದು ಊಟಕ್ಕೆ ಕೂರುವ ಹೊತ್ತಿಗೆ ಪಾತ್ರೆಯ ತಳದಲ್ಲಿ ನೀರು ನಿಂತಿತ್ತು, ಸೇಬು ಕಂದುಬಣ್ಣಕ್ಕೆ ತಿರುಗಿತ್ತು, ಪನೀರು ಕಹಿಯಾಗಿತ್ತು. ಕೊಬ್ಬರಿ ಎಣ್ಣೆಯಲ್ಲಿ ಮಾಡಿ ಫ್ರಿಜ್ಜಿನಲ್ಲಿಟ್ಟಿದ್ದ ಡ್ರೆಸಿಂಗ್ ಹೆಪ್ಪುಗಟ್ಟಿತ್ತು. ಈ ವರ್ಷ ಇಪ್ಪತ್ತೈದು ಜನ ಸೇರುತ್ತೇವೆ. ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ, ಆದಷ್ಟು ನಮ್ಮಲ್ಲೇ ಸಿಗುವ ಪದಾರ್ಥಗಳಿಂದ ಇದನ್ನು ಸರಿಯಾಗಿ ಮಾಡುವುದು ಹೇಗೆ? ಮಾವನವರು ರಕ್ತದೊತ್ತಡಕ್ಕೂ ಕೊಲೆಸ್ಟರಾಲ್‌ಗೂ ಮಾತ್ರೆ ತೆಗೆದುಕೊಳ್ಳುತ್ತಾರೆ, ಅವರಿಗೂ ಬಡಿಸಬಹುದೇ?

ಉತ್ತರ: ಮೊದಲು ಕಹಿಯ ವಿಷಯವನ್ನೇ ಹೇಳುತ್ತೇನೆ, ಏಕೆಂದರೆ ಉಳಿದ ತೊಂದರೆಗಳಿಗೆ ಅರ್ಧ ಪರಿಹಾರ ನಿಮಗೇ ಹೊಳೆದಿರಬಹುದು, ಆದರೆ ಪನೀರು ಏಕೆ ಕಹಿಯಾಯಿತೆಂಬುದು ಸುಲಭಕ್ಕೆ ಹೊಳೆಯುವಂಥದ್ದಲ್ಲ. ಪನೀರು ಕೆಟ್ಟಿರಲಿಲ್ಲ. ಹಸಿ ಅನಾನಸ್‌ನಲ್ಲಿ ಬ್ರೋಮೆಲಿನ್ ಎಂಬ ಕಿಣ್ವವಿದೆ. ಅದರ ಕೆಲಸವೇ ಪ್ರೋಟೀನನ್ನು ತುಂಡರಿಸುವುದು. ಹಾಲಿನ ಪ್ರೋಟೀನು ಹೀಗೆ ಸಣ್ಣ ಸಣ್ಣ ತುಂಡುಗಳಾದಾಗ ಅವುಗಳಲ್ಲಿ ಕೆಲವು ನಾಲಿಗೆಗೆ ಸ್ಪಷ್ಟವಾಗಿ ಕಹಿಯಾಗಿ ತೋರುತ್ತವೆ. ಬೆಳಿಗ್ಗೆ ಕಲಸಿದ್ದನ್ನು ಮಧ್ಯಾಹ್ನ ಬಡಿಸಿದ್ದರಿಂದ ಆ ಕಿಣ್ವಕ್ಕೆ ಹಲವು ಗಂಟೆಗಳ ಕಾಲಾವಕಾಶ ಸಿಕ್ಕಿತು. ನಮ್ಮ ಕಡೆಯ ಅನಾನಸ್ ಸಾಸ್ಮೆಯಲ್ಲಿ ಹೋಳುಗಳನ್ನು ಬೇಯಿಸಿ, ಆರಿಸಿ, ಆಮೇಲೆ ಮೊಸರಿಗೆ ಸೇರಿಸುವ ಪದ್ಧತಿ ಇರುವುದನ್ನು ನೀವು ಬಲ್ಲಿರಿ. ಬಿಸಿಗೆ ಈ ಕಿಣ್ವ ನಿಷ್ಕ್ರಿಯವಾಗುತ್ತದೆ. ಆದ್ದರಿಂದಲೇ ಸಾಸ್ಮೆ ಸಂಜೆಯವರೆಗೂ ಕಹಿಯಾಗದೆ ಉಳಿಯುತ್ತದೆ. ಸಲಾಡಿನಲ್ಲಿಯೂ ನೀವು ಮಾಡಬೇಕಾದದ್ದು ಅಷ್ಟೇ. ಅನಾನಸ್‌ನ ನಡುದಿಂಡು ತೆಗೆದು, ಅರ್ಧ ಬೆರಳು ದಪ್ಪದ ಬಿಲ್ಲೆಗಳನ್ನಾಗಿ ಕತ್ತರಿಸಿ, ಎಣ್ಣೆ ಹಾಕದ ಕಬ್ಬಿಣದ ಕಾವಲಿಯ ಮೇಲೆ ಎರಡೂ ಬದಿ ಅಲ್ಲಲ್ಲಿ ಕೆಂಪಗಾಗುವವರೆಗೆ ಸುಡಿ. ಬಳಿಕ ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಐದು ನಿಮಿಷ ಬಿಡಿ. ಮೇಲ್ಭಾಗ ಮಾತ್ರ ಸುಟ್ಟು ಒಳಗೆ ಹಸಿಯಾಗಿ ಉಳಿದರೆ ಪ್ರಯೋಜನವಿಲ್ಲ, ಒಳಗಿನವರೆಗೂ ಬಿಸಿ ತಟ್ಟಿರಬೇಕು. ಹೀಗೆ ಸುಟ್ಟಾಗ ಹಣ್ಣಿನ ನೀರು ಒಂದಷ್ಟು ಆರಿ ಸಿಹಿ ಗಟ್ಟಿಯಾಗುತ್ತದೆ, ಜೊತೆಗೆ ಸಕ್ಕರೆ ಸುಟ್ಟ ಒಂದು ಪರಿಮಳವೂ ಬರುತ್ತದೆ; ನನ್ನ ದೃಷ್ಟಿಯಲ್ಲಿ ಹಬ್ಬದ ಸಲಾಡಿಗೆ ಹಸಿ ಅನಾನಸ್‌ಗಿಂತ ಇದೇ ಮೇಲು. ಬನವಾಸಿಯ ಸುತ್ತ ಹೂ ಬರಿಸುವ ಔಷಧ ಬಳಸಿ ಸರದಿಯಂತೆ ಬೆಳೆ ತೆಗೆಯುವುದರಿಂದ ದೀಪಾವಳಿಯ ಹೊತ್ತಿಗೂ ಹಣ್ಣು ಸಿಗುತ್ತದೆ, ಆದರೆ ಮಳೆಗಾಲ ಈಗಷ್ಟೇ ಮುಗಿದಿರುವುದರಿಂದ ಬೇಸಿಗೆಯ ಹಣ್ಣಿನಷ್ಟು ಸಿಹಿಯನ್ನು ನಿರೀಕ್ಷಿಸಬಾರದು. ಸುಡುವುದಕ್ಕೆ ಇದೂ ಒಂದು ಕಾರಣ.

ಮಗಳು ಹೇಳುವ ಸಲಾಡಿನ ಸ್ವರೂಪವನ್ನು ತಿಳಿದುಕೊಂಡರೆ ನಮ್ಮಲ್ಲಿ ಏನನ್ನು ಏನಕ್ಕೆ ಬದಲಾಗಿ ಹಾಕಬೇಕೆಂಬುದು ಸ್ಪಷ್ಟವಾಗುತ್ತದೆ. ಅಮೆರಿಕದಲ್ಲಿ ನವೆಂಬರಿನ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಆಸುಪಾಸಿನಲ್ಲಿ ಇಂಥ ಸಲಾಡುಗಳು ಹೆಚ್ಚು. ಆಗಷ್ಟೇ ಕೊಯ್ಲಾದ ಸೇಬು, ಅಕ್ರೋಟು, ಉಪ್ಪುಪ್ಪಾದ ಮೇಕೆ ಹಾಲಿನ ಚೀಸ್ ಅಥವಾ ನೀಲಿ ಚೀಸ್, ಸೇಬಿನ ವಿನೆಗರ್, ಸಾಸಿವೆ ಮತ್ತು ಮೇಪಲ್ ಮರದ ಸಿಹಿಪಾಕ ಇವು ಅದರ ಸಾಮಾನ್ಯ ಅಂಗಗಳು. ಸೇಬಿನ ಸಲಾಡುಗಳಲ್ಲಿ ಪ್ರಸಿದ್ಧವಾದ ವಾಲ್ಡಾರ್ಫ್ ಸಲಾಡ್ 1890ರ ದಶಕದಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಹೋಟೆಲಿನಲ್ಲಿ ಹುಟ್ಟಿದಾಗ ಅದರಲ್ಲಿದ್ದದ್ದು ಸೇಬು, ಸೆಲರಿ ದಂಟು ಮತ್ತು ಮೇಯೊನೀಸ್ ಮಾತ್ರ. ಅಕ್ರೋಟು ಸೇರಿದ್ದು ನಂತರ. ಅಂದರೆ ಅಲ್ಲಿಯ ಅಡುಗೆಯವರೂ ಕೈಗೆ ಸಿಕ್ಕಿದ್ದನ್ನು ಸೇರಿಸುತ್ತಲೇ ಬಂದಿದ್ದಾರೆ. ಆದ್ದರಿಂದ ಕ್ರ್ಯಾನ್‌ಬೆರಿಯನ್ನೋ ಮೇಪಲ್ ಪಾಕವನ್ನೋ ಬೆಂಗಳೂರಿನಿಂದ ತರಿಸುವ ಅಗತ್ಯವಿಲ್ಲ. ಉಳಿಸಿಕೊಳ್ಳಬೇಕಾದದ್ದು ಒಳಗಿನ ರಚನೆಯನ್ನು: ಗರಿಗರಿಯಾದ ಹಣ್ಣು, ಉಪ್ಪಾಗಿರುವ ಹಾಲಿನ ಪದಾರ್ಥ, ಜಿಡ್ಡಿರುವ ಬೀಜ, ಇವೆಲ್ಲವನ್ನೂ ಬೆಸೆಯುವ ಒಂದು ಒಳ್ಳೆಯ ಹುಳಿ. ನಾಲ್ಕರಲ್ಲಿ ರುಚಿಯನ್ನು ನಿರ್ಧರಿಸುವುದು ಹುಳಿ. ಹೋಳಿಗೆ, ತೊಡೆದೇವು, ಸೌತೆಕಾಯಿ ಕಡುಬು ಸಾಲಾಗಿ ಬರುವ ಎಲೆಯ ಮೇಲೆ ಜನ ಈ ಸಲಾಡನ್ನು ಮತ್ತೊಮ್ಮೆ ಕೇಳಬೇಕೆಂದಿದ್ದರೆ ಅದರ ಹುಳಿ ಚೆನ್ನಾಗಿರಬೇಕು. ಉತ್ತರ ಕನ್ನಡದಲ್ಲಿ ಕೂತು ಅಂಗಡಿಯ ಬಾಟಲಿಯ ವಿನೆಗರ್ ಸುರಿಯುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ನಮ್ಮಲ್ಲಿ ಮುರುಗಲು (ಪುನರ್ಪುಳಿ, ಕೋಕಂ), ಉಪ್ಪಾಗೆ, ವಾಟೆಹುಳಿ, ಕಂಚಿಕಾಯಿ, ಮಾದಲ, ಅಪ್ಪೆಮಿಡಿ ಇವೆಲ್ಲ ಇವೆ, ಆದರೆ ಹಣ್ಣಿನ ಸಲಾಡಿಗೆ ಇವೆಲ್ಲ ಸಮಾನವಾಗಿ ಒಗ್ಗುವುದಿಲ್ಲ. ಉಪ್ಪಾಗೆಯ ಸಿಪ್ಪೆಯನ್ನು ಹೊಗೆಯಲ್ಲಿ ಒಣಗಿಸಿದ್ದರೆ ಆ ವಾಸನೆ ಹಣ್ಣಿನ ಮೇಲೆ ಏರಿ ಕೂರುತ್ತದೆ. ವಾಟೆಹುಳಿ ಸಾರಿಗೆ, ಪಲ್ಯಕ್ಕೆ ಹೊಂದುವಷ್ಟು ಇಲ್ಲಿ ಹೊಂದುವುದಿಲ್ಲ. ಅಪ್ಪೆಮಿಡಿಯ ಪರಿಮಳ ಬೇರೆ ಯಾವುದನ್ನೂ ತಲೆ ಎತ್ತಲು ಬಿಡುವುದಿಲ್ಲ. ನಾನು ಆರಿಸುವುದು ಮುರುಗಲನ್ನು. ಏಪ್ರಿಲ್, ಮೇ ತಿಂಗಳಲ್ಲಿ ಮಳೆಗೆ ಮೊದಲು ಬಿಡಿಸಿ ಒಣಗಿಸಿಟ್ಟ ಸಿಪ್ಪೆ ನಿಮ್ಮ ಮನೆಯ ಭರಣಿಯಲ್ಲಿಯೇ ಇರಬಹುದು. ಅದರ ಹುಳಿ ನಾಲಿಗೆಗೆ ಚುರುಕಾಗಿ ತಾಗಿದರೂ ವಿನೆಗರಿನಂತೆ ಮೂಗಿಗೆ ಹೊಡೆಯುವುದಿಲ್ಲ, ಸ್ವಲ್ಪ ಒಗರಿನ ಜೊತೆಗೆ ಹಣ್ಣಿನದೇ ಒಂದು ಗುಣವೂ ಅದರಲ್ಲಿದೆ. ಬಣ್ಣವಂತೂ ಹಬ್ಬಕ್ಕೇ ಹೇಳಿ ಮಾಡಿಸಿದ್ದು. ಸಿಪ್ಪೆಯ ಕೆಂಪು ಆಂಥೋಸಯಾನಿನ್ ಎಂಬ ವರ್ಣಕಗಳಿಂದ ಬರುತ್ತದೆ, ಹುಳಿಯ ನಡುವೆ ಅವು ಕೆಂಪಾಗಿಯೇ ಉಳಿಯುತ್ತವೆ. ಅಲ್ಯೂಮಿನಿಯಮ್, ತಾಮ್ರ, ಹಿತ್ತಾಳೆಯ ಪಾತ್ರೆಗಳಲ್ಲಿ ಮಾತ್ರ ಇದನ್ನು ನೆನೆಸಬೇಡಿ. ಸ್ಟೀಲು, ಪಿಂಗಾಣಿ ಅಥವಾ ಗಾಜಿನದಾದರೆ ಲೋಹದ ರುಚಿ ಬರುವ ಭಯವಿಲ್ಲ.

ಡ್ರೆಸಿಂಗ್ ಮಾಡುವ ವಿಧಾನ ಹೀಗಿದೆ. ಇಪ್ಪತ್ತೈದು ಜನರಿಗೆ 40 ಗ್ರಾಂ ಒಣ ಮುರುಗಲು ಸಿಪ್ಪೆ ಸಾಕು. ಕೆಲವು ಮನೆಗಳಲ್ಲಿ ಉಪ್ಪು ಹಾಕಿಯೇ ಒಣಗಿಸುವುದರಿಂದ ಮೊದಲು ಒಂದು ಸಲ ತಣ್ಣೀರಿನಲ್ಲಿ ತೊಳೆದು, ತುಂಡೊಂದನ್ನು ನಾಲಿಗೆಗಿಟ್ಟು ಉಪ್ಪನ್ನು ಅಂದಾಜು ಮಾಡಿಕೊಳ್ಳಿ. ಬಳಿಕ 200 ಮಿಲಿಲೀಟರ್ ಬಿಸಿನೀರಿನಲ್ಲಿ ಎರಡು ಗಂಟೆ ನೆನೆಸಿ, ಕಿವುಚಿ, ಸೋಸಿದರೆ ಸುಮಾರು 150 ಮಿಲಿಲೀಟರ್ ದಪ್ಪ ರಸ ಸಿಗುತ್ತದೆ. ಇದಕ್ಕೆ ಮೂರು ದೊಡ್ಡ ಚಮಚ ಜೋನಿ ಬೆಲ್ಲ, ಅಂದರೆ ನೀರಾಗಿರುವ ಬೆಲ್ಲ, ಸೇರಿಸಿ. ಮೇಪಲ್ ಪಾಕ ಅಲ್ಲಿ ಮಾಡುವ ಕೆಲಸವನ್ನು ಇಲ್ಲಿ ಜೋನಿ ಬೆಲ್ಲ ಮಾಡುತ್ತದೆ. ಸಿಹಿಯ ಜೊತೆಗೆ ಮಂದವನ್ನೂ ಕೊಡುತ್ತದೆ. ಕಳೆದ ಆಲೆಮನೆ ಹಂಗಾಮಿನ ಬೆಲ್ಲವಾದ್ದರಿಂದ ಡಬ್ಬಿಯ ತಳದಲ್ಲಿ ಹರಳುಗಟ್ಟಿರುವುದುಂಟು, ಮೇಲಿನ ತಿಳಿಯನ್ನೇ ತೆಗೆದುಕೊಳ್ಳಿ.

ಸೋಸಿ ಉಳಿದ ಸಿಪ್ಪೆಯನ್ನು ದಯವಿಟ್ಟು ಎಸೆಯಬೇಡಿ. ಅದನ್ನು ಸಣ್ಣಗೆ ಹೆಚ್ಚಿ, ಮೂರು ಚಮಚ ಜೋನಿ ಬೆಲ್ಲದೊಂದಿಗೆ ಸಣ್ಣ ಉರಿಯಲ್ಲಿ ಹೊಳಪು ಬರುವವರೆಗೆ ಕುದಿಸಿ ಆರಿಸಿದರೆ ಹುಳಿಸಿಹಿಯಾದ, ಅಗಿಯಲು ಮೆದುವಾದ ಕೆಂಪು ಚೂರುಗಳಾಗುತ್ತವೆ. ಒಣ ಕ್ರ್ಯಾನ್‌ಬೆರಿಯ ಜಾಗಕ್ಕೆ ಇದಕ್ಕಿಂತ ಸರಿಯಾದ ಪದಾರ್ಥ ನನಗೆ ಗೊತ್ತಿಲ್ಲ. ಮಗಳು ಖಂಡಿತ ಗುರುತಿಸುತ್ತಾಳೆ.

ಇನ್ನು ಸಾಸಿವೆ. ಎಣ್ಣೆ ಮತ್ತು ಹುಳಿನೀರು ತಾವಾಗಿ ಬೆರೆಯುವುದಿಲ್ಲ. ಎಷ್ಟು ಕಲಕಿದರೂ ಸ್ವಲ್ಪ ಹೊತ್ತಿನಲ್ಲಿ ಎಣ್ಣೆ ಮೇಲೆ ಬಂದು ನಿಲ್ಲುತ್ತದೆ. ಸಾಸಿವೆ ಕಾಳಿನ ಸಿಪ್ಪೆಯಲ್ಲಿರುವ ಲೋಳೆಯಂಥ ಅಂಶ ಎಣ್ಣೆಯ ಸಣ್ಣ ಹನಿಗಳನ್ನು ಹಿಡಿದು ನಿಲ್ಲಿಸುವುದರಿಂದ ಡ್ರೆಸಿಂಗ್ ಬೇಗ ಒಡೆಯುವುದಿಲ್ಲ. ಆದರೆ ಅರೆಯುವ ಕ್ರಮ ಮುಖ್ಯ. ಸಾಸಿವೆಯ ಘಾಟು ಕಾಳಿನಲ್ಲಿ ಸಿದ್ಧವಾಗಿ ಇರುವುದಿಲ್ಲ. ಕಾಳು ಒಡೆದು ನೀರು ತಾಗಿದಾಗ ಅದರೊಳಗಿನ ಕಿಣ್ವವೊಂದು ಕೆಲಸ ಆರಂಭಿಸಿ ಅದನ್ನು ಹುಟ್ಟಿಸುತ್ತದೆ. ಬಿಸಿನೀರು ಹಾಕಿದರೆ ಅಥವಾ ಮೊದಲೇ ಹುಳಿ ಸೇರಿಸಿದರೆ ಆ ಕೆಲಸ ಕುಂಠಿತವಾಗಿ, ಘಾಟಿಲ್ಲದ ಬರೀ ಕಹಿ ಉಳಿಯುತ್ತದೆ. ಆದ್ದರಿಂದ ಒಂದೂವರೆ ಸಣ್ಣ ಚಮಚ ಸಾಸಿವೆಯನ್ನು ತಣ್ಣೀರು ಚಿಮುಕಿಸಿ ನುಣ್ಣಗೆ ಅರೆದು, ಹತ್ತು ನಿಮಿಷ ಸುಮ್ಮನೆ ಬಿಟ್ಟು, ಆಮೇಲೆ ಮುರುಗಲು ರಸಕ್ಕೆ ಸೇರಿಸಿ. ಹುಳಿ ಸೇರಿದ ಮೇಲೆ ಘಾಟು ಆ ಹದದಲ್ಲಿಯೇ ನಿಲ್ಲುತ್ತದೆ. ಜೊತೆಗೆ ಒರಟಾಗಿ ಕುಟ್ಟಿದ ಒಂದು ಚಮಚ ಕಾಳುಮೆಣಸು ಮತ್ತು ಖಾರ ಬೇಕಿದ್ದರೆ ಜಜ್ಜಿದ ಎರಡು ಸೂಜಿಮೆಣಸು ಹಾಕಬಹುದು.

ಎಣ್ಣೆಯ ವಿಷಯದಲ್ಲಿ ಘಟ್ಟದ ಮೇಲಿನವರಿಗೂ ಘಟ್ಟದ ಕೆಳಗಿನವರಿಗೂ ಬೇರೆ ಬೇರೆ ಉತ್ತರ ಕೊಡಬೇಕಾಗುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಕಾರವಾರ, ಅಂಕೋಲಾ, ಕುಮಟಾದಲ್ಲಿ ಅಕ್ಟೋಬರ್, ನವೆಂಬರಿನ ಮಧ್ಯಾಹ್ನದ ಸೆಕೆಯಲ್ಲಿ ಅದು ತಿಳಿಯಾಗಿಯೇ ಇರುತ್ತದೆ. ಅಲ್ಲಿಯವರು ಫ್ರಿಜ್ಜಿನಲ್ಲಿ ಇಡದೆ ಧಾರಾಳವಾಗಿ ಬಳಸಬಹುದು, ಮುರುಗಲಿಗೆ ಅದರ ಪರಿಮಳ ಚೆನ್ನಾಗಿ ಒಪ್ಪುತ್ತದೆ. ಶಿರಸಿಯ ಕಡೆ ದೀಪಾವಳಿಯ ಬೆಳಗಿನ ಚಳಿಗೇ ಅದು ಬೆಳ್ಳಗಾಗುತ್ತದೆ, ಫ್ರಿಜ್ಜಿನಲ್ಲಿಟ್ಟರಂತೂ ಕೇಳುವುದೇ ಬೇಡ. ನೀವು ಗಾಣದ ಶೇಂಗಾ ಎಣ್ಣೆಯನ್ನೋ ಎಳ್ಳೆಣ್ಣೆಯನ್ನೋ ತೆಗೆದುಕೊಳ್ಳಿ. ಎಳ್ಳೆಣ್ಣೆಯ ವಾಸನೆ ಗಾಢವಾದದ್ದರಿಂದ ಎರಡನ್ನೂ ಬೆರೆಸುವುದಾದರೆ ಶೇಂಗಾ ಎಣ್ಣೆ ಮುಕ್ಕಾಲು, ಎಳ್ಳೆಣ್ಣೆ ಕಾಲು ಪಾಲು ಇರಲಿ. ಫ್ರೆಂಚ್ ಅಡುಗೆಯ ಹಳೆಯ ಲೆಕ್ಕ ಮೂರು ಪಾಲು ಎಣ್ಣೆಗೆ ಒಂದು ಪಾಲು ವಿನೆಗರ್ ಎಂಬುದು. ಮುರುಗಲು ರಸ ವಿನೆಗರಿಗಿಂತ ಸೌಮ್ಯವಾಗಿರುವುದರಿಂದಲೂ ಹಬ್ಬದ ಊಟದಲ್ಲಿ ತುಪ್ಪ, ಕರಿದ ತಿಂಡಿ ಹೇಗೂ ಇರುವುದರಿಂದಲೂ ಇಲ್ಲಿ ಸಮಪಾಲು ಸಾಕು, ಅಂದರೆ 150 ಮಿಲಿಲೀಟರ್ ರಸಕ್ಕೆ ಅಷ್ಟೇ ಎಣ್ಣೆ. ಎಲ್ಲವನ್ನೂ ಅಗಲ ಬಾಯಿಯ ಬಾಟಲಿಗೆ ಹಾಕಿ, ಮುಚ್ಚಳ ಬಿಗಿದು, ಬಡಿಸುವ ಮುನ್ನ ಒಂದು ನಿಮಿಷ ಜೋರಾಗಿ ಕುಲುಕಿ.

ಚೀಸ್ ಎಂದಾಗ ಪೇಟೆಯ ಅಂಗಡಿಯಲ್ಲಿ ಕೈಗೆ ಮೊದಲು ಸಿಗುವುದು ಸಂಸ್ಕರಿಸಿದ ಚೀಸಿನ ಗಟ್ಟಿಗಳು. ಅವನ್ನು ಇದಕ್ಕೆ ಹಾಕಬೇಡಿ. ಕರಗಿಸಿ, ಲವಣಗಳನ್ನು ಸೇರಿಸಿ, ಮತ್ತೆ ಅಚ್ಚು ಹಾಕಿದ ಆ ಚೀಸು ರಬ್ಬರಿನಂತೆ ಬಾಗುತ್ತದೆಯೇ ಹೊರತು ಉದುರುವುದಿಲ್ಲ. ಹಣ್ಣಿನ ಹೋಳಿಗೆ ಅಂಟಿಕೊಳ್ಳುವ ಉದುರುತನವೇ ಈ ಸಲಾಡಿಗೆ ಬೇಕಾದದ್ದು. ಮಗಳು ಬರುವ ದಾರಿಯಲ್ಲಿ ಬೆಂಗಳೂರಿನಿಂದ ಫೆಟಾ, ಅಂದರೆ ಉಪ್ಪುನೀರಿನಲ್ಲಿಟ್ಟ ಉದುರುವ ಚೀಸ್, ತರುವುದಾಗಿ ಹೇಳಿದರೆ ಬಣ್ಣದ ಗುರುತನ್ನು ನೋಡಿ ತರಲು ತಿಳಿಸಿ. ಚೀಸ್ ಹೆಪ್ಪುಗಟ್ಟಿಸಲು ಬಳಸುವ ರೆನೆಟ್ ಸಾಂಪ್ರದಾಯಿಕವಾಗಿ ಎಳೆಗರು, ಕುರಿಮರಿಗಳ ಜಠರದಿಂದ ಬರುವಂಥದ್ದು. ಈಗ ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನೆಟ್ ವ್ಯಾಪಕವಾಗಿದ್ದರೂ, ಸಸ್ಯಾಹಾರಿಗಳ ಹಬ್ಬದ ಅಡುಗೆಗೆ ನಮ್ಮ ದೇಶದ ಹಸಿರು ಗುರುತು ಇರುವ ಪೊಟ್ಟಣವನ್ನೇ ಆರಿಸುವುದು ಕ್ಷೇಮ. ಕೆಲವರು ಗಿಣ್ಣನ್ನು ಬಳಸಬಹುದೇ ಎಂದು ಕೇಳುವುದುಂಟು. ಬೇಡ, ಅದರ ಮೆದುತನ ಮತ್ತು ಸಿಹಿ ಎರಡೂ ಇಲ್ಲಿ ಅಡ್ಡಬರುತ್ತವೆ, ಅಲ್ಲದೆ ದನ ಕರು ಹಾಕಿದ ಹೊತ್ತಿಗೆ ಬಂದ ಗಿಣ್ಣನ್ನು ಗಿಣ್ಣಾಗಿಯೇ ತಿನ್ನುವುದು ಮೇಲು.

ಮನೆಯ ಹಾಲಿದ್ದವರು ಮನೆಯಲ್ಲೇ ಪನೀರು ಮಾಡಿ, ಅದಕ್ಕೆ ಉಪ್ಪುನೀರಿನ ಸಂಸ್ಕಾರ ಕೊಟ್ಟರೆ ಫೆಟಾದ ಹತ್ತಿರ ಹತ್ತಿರದ ಪದಾರ್ಥ ಸಿಗುತ್ತದೆ. ಮೂರು ಲೀಟರ್ ಆಕಳ ಹಾಲಿನಿಂದ ಸುಮಾರು 400 ಗ್ರಾಂ ಪನೀರು ಬರುತ್ತದೆ. ಎಮ್ಮೆಯ ಹಾಲಾದರೆ ಜಿಡ್ಡು ಹೆಚ್ಚಿರುವುದರಿಂದ ಇನ್ನೂ ಹೆಚ್ಚು ಸಿಗುತ್ತದೆ, ಗಟ್ಟಿಯೂ ಆಗುತ್ತದೆ. ಹಾಲನ್ನು ಕುದಿ ಬರಿಸಿ, ಉರಿ ಆರಿಸಿ ಎರಡು ಮೂರು ನಿಮಿಷ ಬಿಟ್ಟು, ಸಮಪಾಲು ನೀರು ಬೆರೆಸಿದ ಲಿಂಬೆರಸವನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ನಿಧಾನವಾಗಿ ತಿರುವಿ. ತಿಳಿಹಸಿರು ಛಾಯೆಯ ನೀರು ಸ್ಪಷ್ಟವಾಗಿ ಬೇರೆಯಾದ ಕೂಡಲೇ ಹುಳಿ ಹಾಕುವುದನ್ನು ನಿಲ್ಲಿಸಿ. ಹೆಚ್ಚು ಹಾಕಿದಷ್ಟೂ ಪನೀರು ಬಿರುಸಾಗುತ್ತದೆ. ಬಟ್ಟೆಯಲ್ಲಿ ಸೋಸಿ, ಅರ್ಧ ಗಂಟೆ ಭಾರವಿಟ್ಟು, ತುಂಡು ಮಾಡಿ. ಸೋಸಿದ ನೀರಿನಲ್ಲಿ ಅರ್ಧ ಲೀಟರನ್ನು ತೆಗೆದುಕೊಂಡು, 25 ಗ್ರಾಂ ಉಪ್ಪು ಹಾಕಿ ಕುದಿಸಿ, ಪೂರ್ತಿ ಆರಿದ ಮೇಲೆ ಅದರಲ್ಲಿ ತುಂಡುಗಳನ್ನು ಮುಳುಗಿಸಿ ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ತೆಗೆದು ನೋಡಿದರೆ ಉಪ್ಪು ಒಳಗಿನವರೆಗೂ ಇಳಿದಿರುತ್ತದೆ. ಸಪ್ಪೆ ಪನೀರಿನ ಮೇಲೆ ಬಡಿಸುವಾಗ ಉಪ್ಪು ಉದುರಿಸುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಒಂದು ತುತ್ತಿನಲ್ಲೇ ತಿಳಿಯುತ್ತದೆ, ಮತ್ತು ಉಪ್ಪು ಪನೀರಿನೊಳಗೇ ಇರುವುದರಿಂದ ಹಣ್ಣಿಗೆ ಬೇರೆಯಾಗಿ ಉಪ್ಪು ಹಾಕಬೇಕಾಗಿಲ್ಲ. ಕಳೆದ ವರ್ಷ ಪಾತ್ರೆಯ ತಳದಲ್ಲಿ ನೀರು ನಿಂತದ್ದಕ್ಕೆ ಅರ್ಧ ಕಾರಣ ಹಣ್ಣಿಗೆ ನೇರವಾಗಿ ಬಿದ್ದ ಉಪ್ಪೇ ಇರಬೇಕು. ಉಪ್ಪು ಮತ್ತು ಸಕ್ಕರೆ ಎರಡೂ ಕತ್ತರಿಸಿದ ಹಣ್ಣಿನಿಂದ ನೀರನ್ನು ಹೊರಗೆ ಎಳೆಯುತ್ತವೆ.

ಹಬ್ಬದ ದಿನ ಮನೆಯಲ್ಲಿ ಹಾಲು ಒಡೆಸುವುದಕ್ಕೆ ಹಿರಿಯರು ಒಪ್ಪದ ಮನೆಗಳಿವೆ. ಹೇಗೂ ಹಿಂದಿನ ದಿನವೇ ಮಾಡಬೇಕಾದದ್ದರಿಂದ ಆ ಪ್ರಶ್ನೆ ಬಹುಮಟ್ಟಿಗೆ ಏಳುವುದಿಲ್ಲ. ಆದರೂ ಮನಸ್ಸಿಗೆ ಬಾರದಿದ್ದರೆ, ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಫ್ರಿಜ್ಜಿನೊಳಗೆ ಒಂದು ಪಾತ್ರೆಯ ಮೇಲೆ ತೂಗುವಂತೆ ರಾತ್ರಿಯಿಡೀ ಇಟ್ಟು, ಇಳಿದ ಮುದ್ದೆಗೆ ಉಪ್ಪು ಬೆರೆಸಿ, ಸಣ್ಣ ಉಂಡೆ ಕಟ್ಟಿ ಕಾಳುಮೆಣಸಿನ ಪುಡಿಯಲ್ಲಿ ಹೊರಳಿಸಿದರೆ ಸಾಕು. ಹುಳಿ ಮೊಸರಿನ ಆ ಉಂಡೆ ಹಸಿ ಮೇಕೆ ಚೀಸಿನ ನೆನಪು ತರುತ್ತದೆ. ಅದನ್ನು ಕಲಸದೆ, ಬಡಿಸಿದ ಮೇಲೆ ಒಂದೊಂದಾಗಿ ಇಡಬೇಕು.

ಹಣ್ಣುಗಳಲ್ಲಿ ಈ ಹೊತ್ತಿನ ಅರಸನೆಂದರೆ ಚಕ್ಕೋತ. ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ, ಹೆಸರೂ ಇದೆ. ನಮ್ಮ ಹಿತ್ತಲಿನ ಮರಗಳ ಹಣ್ಣಿಗೆ ಅಂಥ ಹೆಸರಿಲ್ಲ, ಅನೇಕ ಮನೆಗಳಲ್ಲಿ ಅದು ಬಿದ್ದು ಹಾಳಾಗುವುದೂ ಉಂಟು. ಇದು ನನಗೆ ನಿಜವಾಗಿಯೂ ಬೇಸರದ ಸಂಗತಿ, ಏಕೆಂದರೆ ಸಲಾಡಿಗೆ ಇಷ್ಟು ಒಗ್ಗುವ ಹಣ್ಣು ಇನ್ನೊಂದಿಲ್ಲ. ಅದರ ಎಸಳುಗಳು ಡ್ರೆಸಿಂಗ್ ತಾಗಿದರೂ ಕುಸಿಯುವುದಿಲ್ಲ, ಕಚ್ಚಿದಾಗಲೇ ರಸ ಬಿಡುತ್ತವೆ. ಗಾತ್ರಕ್ಕೆ ತೂಕ ಹೆಚ್ಚಿರುವ ಹಣ್ಣನ್ನು ಹಬ್ಬಕ್ಕೆ ಒಂದು ವಾರ ಮೊದಲೇ ಕೊಯ್ದು ನೆರಳಿನಲ್ಲಿಡಿ. ಸಿಪ್ಪೆ ಸ್ವಲ್ಪ ಬಾಡಿದರೆ ಸುಲಿಯುವುದು ಸುಲಭ, ರುಚಿಯೂ ಸುಧಾರಿಸುತ್ತದೆ. ಚಕ್ಕೋತದ ಕಹಿ ಮುಖ್ಯವಾಗಿ ಇರುವುದು ಸಿಪ್ಪೆಯೊಳಗಿನ ಬಿಳಿ ದಿಂಡಿನಲ್ಲಿ ಮತ್ತು ತೊಳೆಗಳ ಪೊರೆಯಲ್ಲಿ. ಪೊರೆಯನ್ನು ಪೂರ್ತಿ ಬಿಡಿಸಿ, ಎಸಳುಗಳನ್ನು ಹಿಂಡದಂತೆ ಕೈಯಿಂದಲೇ ದೊಡ್ಡ ದೊಡ್ಡ ತುಂಡುಗಳಾಗಿ ಬೇರ್ಪಡಿಸಬೇಕು. ಎಸಳು ಒಡೆದು ರಸ ಹೊರಬಂದರೆ ಅದು ನಿಂತಷ್ಟೂ ಕಹಿ ಏರುತ್ತದೆ. ಮನೆಯ ಮಕ್ಕಳಿಗೆ ಈ ಕೆಲಸ ಕೊಡಿ, ಅವರು ಸಂತೋಷದಿಂದ ಮಾಡುತ್ತಾರೆ. ಎರಡು ದೊಡ್ಡ ಚಕ್ಕೋತಗಳಿಂದ ಸುಮಾರು ಒಂದು ಕಿಲೋ ಎಸಳು ಸಿಗುತ್ತದೆ.

ಅದಕ್ಕೆ ಒಂದು ಅನಾನಸ್, ನಾಲ್ಕು ಸೇಬು, ಮೂರು ನಾಲ್ಕು ದಾಳಿಂಬೆ ಸೇರಿದರೆ ತಲೆಗೆ ನೂರು ಗ್ರಾಮಿಗಿಂತ ಸ್ವಲ್ಪ ಹೆಚ್ಚೇ ಆಗುತ್ತದೆ. ಹಬ್ಬದ ಎಲೆಗೆ ಅದು ಧಾರಾಳ. ಸೇಬು ಈ ಸಮಯದಲ್ಲಿ ಹಿಮಾಚಲ, ಕಾಶ್ಮೀರಗಳ ಹೊಸ ಫಸಲಿನದೇ ಬಂದಿರುತ್ತದೆ. ಗಟ್ಟಿಯಾದದ್ದನ್ನು ಆರಿಸಿ, ಚೆನ್ನಾಗಿ ತೊಳೆದು ಸಿಪ್ಪೆಸಮೇತ ಹೆಚ್ಚಿ. ಕತ್ತರಿಸಿದ ಸೇಬು ಗಾಳಿ ತಾಗಿ ಕಂದುಬಣ್ಣಕ್ಕೆ ತಿರುಗುವುದಕ್ಕೂ ಒಂದು ಕಿಣ್ವವೇ ಕಾರಣ. ಒಂದು ಲೀಟರ್ ನೀರಿಗೆ ಅರ್ಧ ಸಣ್ಣ ಚಮಚ ಉಪ್ಪು ಹಾಕಿ ಹತ್ತು ನಿಮಿಷ ಮುಳುಗಿಸಿ ತೆಗೆದರೆ ಊಟದವರೆಗೆ ಬಣ್ಣ ಉಳಿಯುತ್ತದೆ. ಪೇರಲೆ ಗಟ್ಟಿಯಿದ್ದರೆ ಬೀಜದ ಭಾಗ ತೆಗೆದು ಹಾಕಬಹುದು. ಬಾಳೆಹಣ್ಣು, ಸೀತಾಫಲ ಬೇಡ. ಅವು ಕಲಸುವಾಗಲೇ ಮುದ್ದೆಯಾಗುತ್ತವೆ.

ಸೊಪ್ಪಿಗೆ ಲೆಟ್ಯೂಸ್ ಹುಡುಕಿಕೊಂಡು ಹೋಗಬೇಡಿ. ಹಿತ್ತಲಿನ ಎಳೆಯ ಒಂದೆಲಗ ಎರಡು ಹಿಡಿ, ದೊಡ್ಡಪತ್ರೆಯ ನಾಲ್ಕೈದು ಎಲೆಗಳನ್ನು ಸಣ್ಣಗೆ ಹೆಚ್ಚಿದ್ದು, ಇಷ್ಟೇ ಸಾಕು. ಒಂದೆಲಗದ ಸಣ್ಣ ಒಗರು ಈ ಸಿಹಿ ಹಣ್ಣುಗಳ ನಡುವೆ ಬೇಕೇ ಬೇಕು. ಹಸಿಯಾಗಿಯೇ ತಿನ್ನುವಂಥದ್ದಾದ್ದರಿಂದ ದನಗಳು ಓಡಾಡುವ ಜಾಗದ್ದನ್ನು, ಗದ್ದೆಯ ನೀರು ಹರಿಯುವ ಅಂಚಿನದ್ದನ್ನು ಬಿಟ್ಟು ಸ್ವಚ್ಛವಾದ ಕಡೆಯಿಂದ ಕೊಯ್ದು, ಹರಿಯುವ ನೀರಿನಲ್ಲಿ ಎರಡು ಮೂರು ಸಲ ತೊಳೆದು, ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಿ; ಎಲೆಗೆ ನೀರಿನ ಪಸೆ ಉಳಿದರೆ ಡ್ರೆಸಿಂಗ್ ಅದರ ಮೇಲೆ ನಿಲ್ಲುವುದಿಲ್ಲ. ಅಕ್ರೋಟಿನ ಬದಲು ಗೇರುಬೀಜ 150 ಗ್ರಾಂ, ಸಣ್ಣ ಉರಿಯಲ್ಲಿ ಹೊಂಬಣ್ಣಕ್ಕೆ ಹುರಿದು, ಕೊನೆಯಲ್ಲಿ ಒಂದು ಚಮಚ ಜೋನಿ ಬೆಲ್ಲ ಮತ್ತು ಚಿಟಿಕೆ ಉಪ್ಪು ಹಾಕಿ ಹೊರಳಿಸಿ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ ಆರಿಸಿ, ಗಾಳಿಯಾಡದ ಡಬ್ಬಿಯಲ್ಲಿಡಿ.

ಕಳೆದ ವರ್ಷದ ತೊಂದರೆಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಸಮಯದ ಮೇಲೆ, ಆದ್ದರಿಂದ ಕೆಲಸವನ್ನು ಹೀಗೆ ಹಂಚಿಕೊಳ್ಳಿ. ಪನೀರು, ಮುರುಗಲು ರಸ, ಬೆಲ್ಲದಲ್ಲಿ ಕುದಿಸಿದ ಸಿಪ್ಪೆ, ಗೇರುಬೀಜ ಇವಿಷ್ಟೂ ಹಿಂದಿನ ದಿನದ ಕೆಲಸ. ಹಬ್ಬದ ಬೆಳಿಗ್ಗೆ ಅನಾನಸ್ ಸುಟ್ಟು, ಚಕ್ಕೋತ, ದಾಳಿಂಬೆ ಬಿಡಿಸಿ ಬೇರೆ ಬೇರೆ ಪಾತ್ರೆಗಳಲ್ಲಿ ಮುಚ್ಚಿ ತಣ್ಣಗಿಡಿ. ಗೋಪೂಜೆ ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ಯಾರೂ ಹೇಳಲಾರರು. ಹಾಗಾಗಿ ಸೇಬು ಹೆಚ್ಚುವುದನ್ನು ಮಂಗಳಾರತಿಯ ಗಂಟೆ ಕೇಳುವವರೆಗೂ ಮುಟ್ಟಬೇಡಿ. ಎಲೆ ಹಾಕಲು ಆರಂಭಿಸಿದಾಗ ಅಗಲವಾದ ಪಾತ್ರೆಯಲ್ಲಿ ಹಣ್ಣು, ಸೊಪ್ಪು, ಮುರುಗಲು ಚೂರುಗಳನ್ನು ಸೇರಿಸಿ, ಡ್ರೆಸಿಂಗಿನ ಮುಕ್ಕಾಲು ಭಾಗ ಸುರಿದು, ಕೈಯಿಂದಲೇ ಕೆಳಗಿನಿಂದ ಮೇಲಕ್ಕೆ ಹಗುರವಾಗಿ ಎತ್ತಿ ಕಲಸಿ. ಉಪ್ಪುನೀರಿನಿಂದ ತೆಗೆದು ಒತ್ತಿ ಒರೆಸಿದ ಪನೀರನ್ನು ಬೆರಳಿನಿಂದ ಉದುರಿಸಿ ಮೇಲೆ ಹರಡಿ. ಒಳಗೆ ಕಲಸಿದರೆ ಅದು ಮುರುಗಲಿನ ಬಣ್ಣ ಹೀರಿ ಮಾಸಲಾಗಿ ಕಾಣುತ್ತದೆ. ಗೇರುಬೀಜ ಕೊನೆಯಲ್ಲಿ. ಉಳಿದ ಡ್ರೆಸಿಂಗನ್ನು ರುಚಿ ನೋಡಿ, ಬೇಕಿದ್ದರೆ ಮಾತ್ರ ಹಾಕಿ. ಬಾಳೆಎಲೆಯ ಮೇಲೆ ನೇರವಾಗಿ ಬಡಿಸಿದರೆ ರಸ ಪಾಯಸದ ಕಡೆಗೆ ಹರಿಯುತ್ತದೆ, ಆದ್ದರಿಂದ ಅಡಿಕೆ ಹಾಳೆಯ ದೊನ್ನೆಯಲ್ಲಿ ಕೊಡುವುದು ಅನುಕೂಲ. ಕಲಸಿದ ಸಲಾಡನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬೇಡಿ. ಕರಾವಳಿಯ ಸೆಕೆಯಲ್ಲಿ ಒಂದು ಗಂಟೆಯೇ ಹೆಚ್ಚು.

ತುಳಸಿ ಹಬ್ಬಕ್ಕೂ ಇದನ್ನೇ ಮಾಡುವ ಮನಸ್ಸಾದರೆ, ತುಳಸಿಯ ಪಕ್ಕ ನೆಡಲು ತಂದ ನೆಲ್ಲಿ ಟೊಂಗೆಯ ಜೊತೆಗೆ ಬರುವ ನೆಲ್ಲಿಕಾಯಿಗಳಲ್ಲಿ ನಾಲ್ಕನ್ನು ತುರಿದು, ಜೋನಿ ಬೆಲ್ಲದಲ್ಲಿ ಅರ್ಧ ಗಂಟೆ ನೆನೆಸಿ ಸೇರಿಸಿ ನೋಡಿ. ಆಗ ಮುರುಗಲು ರಸವನ್ನು ಅರ್ಧಕ್ಕೆ ಇಳಿಸಬೇಕು.

ಮಾವನವರ ವಿಷಯದಲ್ಲಿ ನಿಮ್ಮ ಪ್ರಶ್ನೆ ಬಹಳ ಸರಿಯಾದದ್ದು, ಇದನ್ನು ಲಘುವಾಗಿ ತೆಗೆದುಕೊಳ್ಳಬಾರದು. ಚಕ್ಕೋತದಲ್ಲಿ, ಅದರ ಹತ್ತಿರದ ಸಂಬಂಧಿಯಾದ ಗ್ರೇಪ್‌ಫ್ರೂಟ್‌ನಲ್ಲಿರುವಂತೆಯೇ, ಕೆಲವು ಔಷಧಗಳನ್ನು ದೇಹ ಕರಗಿಸುವ ಕ್ರಿಯೆಗೆ ಅಡ್ಡಿಪಡಿಸುವ ಅಂಶಗಳಿವೆ. ಕೊಲೆಸ್ಟರಾಲ್ ತಗ್ಗಿಸುವ ಸಿಮ್ವಾಸ್ಟಾಟಿನ್, ಅಟೊರ್ವಾಸ್ಟಾಟಿನ್, ರಕ್ತದೊತ್ತಡಕ್ಕೆ ಕೊಡುವ ಫೆಲೊಡಿಪಿನ್, ನಿಫೆಡಿಪಿನ್‌ನಂಥ ಮಾತ್ರೆಗಳು ಆಗ ರಕ್ತದಲ್ಲಿ ಇರಬೇಕಾದುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಉಳಿಯಬಹುದು. ಈ ಪರಿಣಾಮ ಒಂದು ದಿನಕ್ಕೂ ಮೀರಿ ಇರುವುದರಿಂದ ಮಾತ್ರೆಯನ್ನು ಬೆಳಿಗ್ಗೆ ನುಂಗಿ ಹಣ್ಣನ್ನು ಮಧ್ಯಾಹ್ನ ತಿಂದರೆ ಸರಿಹೋಗುತ್ತದೆ ಎಂಬ ಎಣಿಕೆಯೂ ಸಲ್ಲದು. ಎಲ್ಲ ಮಾತ್ರೆಗಳಿಗೂ ಇದು ಅನ್ವಯಿಸುವುದಿಲ್ಲ. ಅವರ ಮಾತ್ರೆಯ ಹೆಸರನ್ನು ಹಬ್ಬಕ್ಕೆ ಮೊದಲೇ ವೈದ್ಯರಿಗೆ ತೋರಿಸಿ ಕೇಳಿಕೊಳ್ಳಿ, ಅವರ ಮಾತು ಸಿಗುವವರೆಗೆ ಚಕ್ಕೋತ ಕೊಡಬೇಡಿ. ಉಪ್ಪುನೀರಿನಲ್ಲಿಟ್ಟ ಪನೀರು ಕೂಡ ಅವರಿಗೆ ಸೂಕ್ತವಲ್ಲದ್ದರಿಂದ, ಉಪ್ಪಿಗೆ ಹಾಕುವ ಮುನ್ನವೇ ನಾಲ್ಕು ತುಂಡು ಸಪ್ಪೆ ಪನೀರನ್ನು ತೆಗೆದಿಟ್ಟು, ಕಲಸುವ ಮೊದಲು ಅನಾನಸ್, ಸೇಬು, ದಾಳಿಂಬೆಯನ್ನು ಬೇರೊಂದು ಬಟ್ಟಲಿಗೆ ಹಾಕಿ, ಉಪ್ಪು ಹಾಕದೆ ಒಣಗಿಸಿದ ಮುರುಗಲಿನ ರಸವನ್ನು ಅದರ ಮೇಲೆ ಹಾಕಿ ಅವರಿಗೆ ಪ್ರತ್ಯೇಕವಾಗಿ ಬಡಿಸಿ.